ಒಬ್ಬನೇ ಆರೋಪಿ ಬೇಕೆಂಬ ಹಟ

ಕಾಗವಾಡದ ಕಡೆ ಎದೆನೋವು ಬಂದವರನ್ನು ಹೆಚ್ಚಾಗಿ ಒಯ್ಯುವುದು ಗಡಿಯಾಚೆಯ ಮಿರಜಿಗೆ. ಜೀವದ ಪ್ರಶ್ನೆ ಬಂದಾಗ ರಾಜ್ಯದ ಗಡಿ ಯಾರಿಗೂ ನೆನಪಾಗುವುದಿಲ್ಲ. ಆಂಜಿಯೋಗ್ರಾಫಿ ಮುಗಿದ ಮೇಲೆ ಮನೆಮಂದಿ ಕೇಳುವುದು ಒಂದೇ: "ಯಾಕ ಆತ್ರೀ ಸಾಹೇಬ್ರ? ಶುಗರ್ ಇಲ್ಲ, ಬೀಡಿ ಸೇದೂದಿಲ್ಲ." ಅಪ್ಪನಿಗೂ ಹೀಗೇ ಆಗಿತ್ತೆಂದು ಯಾರೋ ನೆನಪಿಸಿದರೆ ತನಿಖೆ ಮುಗಿಯಿತು; ಅದು ರಕ್ತದಾಗ ಬಂದದ್ದು. ಹಣೆಬರಹ ಕೂತಿದ್ದ ಜಾಗದಲ್ಲಿ ಈಗ ಜೀನ್ ಕೂತಿದೆ.

ಆ ಜಾಗ ಅಷ್ಟೇನೂ ಭದ್ರವಲ್ಲ ಎಂದು ತೋರಿಸಿದ್ದು ಮೈಕ್ರೋಆರ್‌ಎನ್‌ಎ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಗುರುತಿಸಿದರು. ನೊಬೆಲ್ ಬಂದದ್ದು 2024ರಲ್ಲಿ. ಸುಮಾರು 22 ಅಕ್ಷರಗಳ ಈ ಆರ್‌ಎನ್‌ಎ ತುಣುಕು ತಾನಾಗಿ ಪ್ರೋಟೀನ್ ಕಟ್ಟುವುದಿಲ್ಲ. ಪ್ರೋಟೀನಿನ ಆದೇಶ ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು ಉತ್ಪಾದನೆ ತಗ್ಗಿಸುತ್ತದೆ, ಅದೂ ಬಹಳ ಸಲ ಸ್ವಲ್ಪವೇ. ಜೀನಿನಲ್ಲಿ ಏನಿದೆ ಎಂಬುದರಷ್ಟೇ, ಅದು ಯಾವಾಗ, ಎಷ್ಟು ನಡೆಯಬೇಕು ಎಂಬುದೂ ಮುಖ್ಯವಾಯಿತು.

2007ರಲ್ಲಿ ಡಲ್ಲಾಸಿನ ಎರಿಕ್ ಓಲ್ಸನ್ ತಂಡ ಮಿಆರ್-208 ಎಂಬ ಮೈಕ್ರೋಆರ್‌ಎನ್‌ಎ ಇಲ್ಲದ ಇಲಿಗಳನ್ನು ಬೆಳೆಸಿತು. ಸಾಮಾನ್ಯ ದಿನಗಳಲ್ಲಿ ಅವುಗಳ ಹೃದಯಕ್ಕೆ ದೊಡ್ಡ ತೊಂದರೆಯೇನೂ ಇರಲಿಲ್ಲ. ಮಹಾಧಮನಿಯನ್ನು ಬಿಗಿದು ಒತ್ತಡ ಹೇರಿದಾಗ ಮಾತ್ರ ವ್ಯತ್ಯಾಸ ಕಂಡಿತು: ಬೇರೆ ಇಲಿಗಳ ಹೃದಯ ದಪ್ಪಗಾದಂತೆ ಇವುಗಳದ್ದು ಆಗಲಿಲ್ಲ. ಹಾಗಾದರೆ ಹೃದಯ ದಪ್ಪಗಾಗಲು ಕಾರಣ ಒತ್ತಡವೋ, ಆರ್‌ಎನ್‌ಎಯೋ? ಒಂದಿಲ್ಲದೆ ಇನ್ನೊಂದು ಕೆಲಸ ಮಾಡದಿದ್ದರೆ ಪ್ರಶ್ನೆಯೇ ತಪ್ಪು ಎಂದು ನನಗನಿಸುತ್ತದೆ.

ಮಿಆರ್-21ರ ಕತೆ ಇನ್ನೂ ಚುರುಕು. ರೋಗಗ್ರಸ್ತ ಹೃದಯದಲ್ಲಿ ಅದು ಹೆಚ್ಚುತ್ತದೆ. 2008ರಲ್ಲಿ ಜರ್ಮನಿಯ ಥಾಮಸ್ ಥುಮ್ ತಂಡ ಇಲಿಗಳಲ್ಲಿ ಅದನ್ನು ತಡೆದಾಗ ಹೃದಯದ ನಾರುಗಟ್ಟುವಿಕೆ ಇಳಿಯಿತು. ಆರೋಪಿ ಸಿಕ್ಕಂತಾಯಿತು. 2010ರಲ್ಲಿ ಓಲ್ಸನ್ ತಂಡವೇ ಮಿಆರ್-21 ಪೂರ್ತಿ ಇಲ್ಲದ ಇಲಿಗಳನ್ನು ಒತ್ತಡಕ್ಕೆ ಒಡ್ಡಿತು. ನಾರು ಎಂದಿನಂತೆ ಕಟ್ಟಿತು. ಘಟನಾಸ್ಥಳದಲ್ಲಿ ಸಿಕ್ಕವನೆಲ್ಲ ಅಪರಾಧಿಯಲ್ಲ. ಪೊಲೀಸರಿಗೂ ಇದನ್ನು ಆಗಾಗ ಹೇಳಬೇಕಾಗುತ್ತದೆ.

2025ರಲ್ಲಿ ಹಾಸನದ ಹೃದಯಾಘಾತದ ಸಾಲು ಸಾವುಗಳ ಸುದ್ದಿ ಬಂದಾಗ ನಾಡೆಲ್ಲ ಹುಡುಕಿದ್ದು ಒಂದೇ ಆರೋಪಿಯನ್ನು. ಹಲವರ ಬೆರಳು ಕೋವಿಡ್ ಲಸಿಕೆಯತ್ತ ಹೋಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಹೇಳಿದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದ ಹಳೆಯ ಪಟ್ಟಿಯನ್ನೇ. ಜನಕ್ಕೆ ನಿರಾಸೆಯಾಗಿರಬೇಕು.

ಕಾರಣ ಹೀಗೆ ಹಂಚಿಹೋದರೆ ಯಾರೂ ಹೊಣೆಯಲ್ಲ ಎಂದಾಗುವುದಿಲ್ಲವೇ? ತಂಬಾಕು ವ್ಯಾಪಾರಕ್ಕಂತೂ ಈ ತರ್ಕ ಬಹಳ ಅನುಕೂಲ. ಆದರೆ ಪಾಲು ಹಲವು ಎಂದ ಮಾತ್ರಕ್ಕೆ ಎಲ್ಲ ಪಾಲೂ ಸಮವಲ್ಲ, ಎಲ್ಲದಕ್ಕೂ ನಮ್ಮ ಕೈ ಮುಟ್ಟುವುದೂ ಇಲ್ಲ. ಹೊಣೆ ಹುಟ್ಟುವುದು ಕೈ ಮುಟ್ಟುವಲ್ಲಿ. ಮೈಕ್ರೋಆರ್‌ಎನ್‌ಎ ತಡೆಯುವ ಹೃದಯದ ಔಷಧ ಇನ್ನೂ ಪ್ರಯೋಗದ ಹಂತದಲ್ಲಿದೆ, ಬಿ.ಪಿ. ನೋಡುವ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದೆ, ಬೀಡಿ ತಂಬಾಕು ನಿಪ್ಪಾಣಿಯ ಹೊಲದಲ್ಲಿದೆ. ಆ ಹೊಲದ ರೈತನಿಗೆ, ಬೀಡಿ ಕಟ್ಟುವ ಹೆಂಗಸರಿಗೆ ಬೇರೆ ದಾರಿ ತೋರಿಸದೆ ಬರೀ ಸೇದುವವನ ಕಿವಿ ಹಿಂಡಿದರೆ, ಅದೂ ಒಬ್ಬನೇ ಆರೋಪಿಯನ್ನು ಹಿಡಿದು ಕೇಸು ಮುಚ್ಚಿದಂತೆಯೇ.