ಹೆಸರಿಲ್ಲದ ವ್ಯಾಪಾರಿ: ಒಂದು ಮೀಮಾಂಸೆ

ವಿಷಯ

ಶಿಂಜಿ ಮಿಕಾಮಿ ನಿರ್ದೇಶನದಲ್ಲಿ ಕ್ಯಾಪ್‌ಕಾಮ್ ಸಂಸ್ಥೆ 2005ರಲ್ಲಿ ಹೊರತಂದ ವಿಡಿಯೊ ಗೇಮ್ ‘ರೆಸಿಡೆಂಟ್ ಈವಿಲ್ 4’. ಅಪಹರಣಕ್ಕೊಳಗಾದ ಅಮೆರಿಕದ ಅಧ್ಯಕ್ಷರ ಮಗಳು ಆಶ್ಲಿಯನ್ನು ಹುಡುಕಿಕೊಂಡು ಏಜೆಂಟ್ ಲಿಯಾನ್ ಸ್ಪೇನಿನ ಹಳ್ಳಿಯೊಂದಕ್ಕೆ ಬರುತ್ತಾನೆ. ಅಲ್ಲಿಯ ಜನರ ಮೈಯೊಳಗೆ ‘ಲಾಸ್ ಪ್ಲಾಗಾಸ್’ ಎಂಬ ಪರಾವಲಂಬಿ ಹೊಕ್ಕಿದೆ. ಕಂಡವರೆಲ್ಲ ಆಯುಧ ಹಿಡಿದು ಮೇಲೆ ಬೀಳುತ್ತಾರೆ. ಅಂಥ ಊರಲ್ಲಿ ಒಬ್ಬ ಕಿಟಕಿಯಾಚೆಯಿಂದ ಕರೆಯುತ್ತಾನೆ. ಹಿಂದೆ ಹೋದರೆ ಉದ್ದ ಕೋಟು ಬಿಚ್ಚಿ ಒಳಗಿನ ಸರಕು ತೋರಿಸಿ, ‘ವಾಟ್ ಆರ್ ಯಾ ಬೈಯಿಂಗ್?’ ಎನ್ನುತ್ತಾನೆ. ತಲೆಗೆ ಮುಸುಕು, ಬಾಯಿಗೆ ಬಟ್ಟೆ. ಹೆಸರು ಹೇಳುವುದಿಲ್ಲ, ಆಟಗಾರರಿಗೆ ಅವನು ಬರೀ ‘ಮರ್ಚೆಂಟ್’.

ಸಂಶಯ

ಇವನ ನಿಗೂಢತೆ ಕಲೆಯ ಗುಣವೋ, ಕಥೆಯ ಕೊರತೆಯೋ? ಜನ ಮೆಚ್ಚಿದ್ದು ಪಾತ್ರವನ್ನೋ, ಅಂಗಡಿಯನ್ನೋ?

ಪೂರ್ವಪಕ್ಷ

ಇವನು ಪಾತ್ರವೇ ಅಲ್ಲ, ಕೋಟು ತೊಟ್ಟ ಮೆನು. ಕೊಡುಕೊಳ್ಳುವ ಏರ್ಪಾಡೊಂದು ಆಟಕ್ಕೆ ಬೇಕಿತ್ತು, ಅದಕ್ಕೆ ವೇಷ ಹಾಕಿದರು. ಊರು, ಹಿನ್ನೆಲೆ ಬರೆಯುವ ಗೋಜಿಗೆ ಹೋಗಲಿಲ್ಲ. ಆ ಖಾಲಿ ಜಾಗವನ್ನೇ ನಾವು ನಿಗೂಢವೆಂದು ಕೊಂಡಾಡುತ್ತಿದ್ದೇವೆ. ಅವನಿದ್ದಲ್ಲಿ ಆಟಗಾರನಿಗೆ ಉಸಿರಾಡಲು ಒಂದಷ್ಟು ಬಿಡುವು ಸಿಗುತ್ತದೆ. ಪ್ರೀತಿಯೆಂಬುದು ಆ ನಿರಾಳವಷ್ಟೇ.

ಸಿದ್ಧಾಂತ

ಹಾಗಲ್ಲ. ಹೆಸರಿಲ್ಲದಿರುವುದೇ ನಿಗೂಢತೆಯಾದರೆ ಕೊಡಲಿ ಹಿಡಿದು ಬರುವ ಹಳ್ಳಿಗರೆಲ್ಲ ನಿಗೂಢರಾಗಬೇಕಿತ್ತು. ಅವರ ಪೂರ್ವಾಪರ ಯಾರೂ ಕೇಳುವುದಿಲ್ಲ. ಮರ್ಚೆಂಟನ ವಿಷಯದಲ್ಲಿ ಕುತೂಹಲ ಹುಟ್ಟುವುದು ಅವನ ನಡತೆ ಪೂರ್ತಿ ತಿಳಿದಿದ್ದು, ಅದರ ಕಾರಣ ಮಾತ್ರ ತಿಳಿಯದಿರುವುದರಿಂದ. ನೀಲಿ ಜ್ವಾಲೆಯ ಪಂಜು ಕಂಡರೆ ಅವನು ಹತ್ತಿರದಲ್ಲೇ ಇದ್ದಾನೆ. ಸಾಮಾನ್ಯವಾಗಿ ಪೆಸೆಟಾ ಎಣಿಸದೆ ಸರಕು ಕೊಡುವವನಲ್ಲ. ಬಂದೂಕು ಮಾರುತ್ತಾನೆ, ಗುಂಡು ಮಾರುವುದಿಲ್ಲ. ಬಂದೂಕಿನಲ್ಲಿ ಹಿಡಿಸುವ ಗುಂಡಿನ ಪ್ರಮಾಣ ಹೆಚ್ಚಿಸಿಕೊಂಡರೆ ಮಾತ್ರ ಅದು ತುಂಬಿ ಬರುತ್ತದೆ.

ಇನ್ನೂ ಮುಖ್ಯವಾದದ್ದಿದೆ. ಪರಾವಲಂಬಿ ಹೊಕ್ಕ ಹಳ್ಳಿಗರಿಗೆ ಸ್ವಂತ ಇಚ್ಛೆಯಿಲ್ಲ. ಅವರನ್ನು ಆಡಿಸುವವನು ಸ್ಯಾಡ್ಲರ್ ಎಂಬ ಮತಗುರು. ಆ ಸೀಮೆಯಲ್ಲಿ ತನ್ನ ಲಾಭ ತಾನು ನೋಡಿಕೊಳ್ಳುವವನು ಈ ವ್ಯಾಪಾರಿ. ಬೇರೆಡೆ ದುರಾಸೆ ಎನಿಸಿಕೊಳ್ಳುವ ಗುಣ ಇಲ್ಲಿ ಮನಸ್ಸು ಸ್ವತಂತ್ರವಾಗಿರುವುದರ ಗುರುತಾಗುತ್ತದೆ. ಮೆಚ್ಚುಗೆಯ ಬೇರು ಇದೇ.

ಆಕ್ಷೇಪಗಳು, ಸಮಾಧಾನಗಳು

ಒಂದು: ನಿರಾಳವೇ ಪ್ರೀತಿಗೆ ಕಾರಣವೆಂದು ಯಾಕೆ ಒಪ್ಪಬಾರದು? ಆಟವನ್ನು ಉಳಿಸಿಕೊಳ್ಳುವ ಟೈಪ್‌ರೈಟರ್ ಕೂಡ ಅಷ್ಟೇ ನಿರಾಳ ಕೊಡುತ್ತದೆ. ಟೈಪ್‌ರೈಟರ್ ಯಾರೆಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಎರಡು: 2005ರ ಆಟದಲ್ಲಿ ಇವನನ್ನು ಕೊಲ್ಲಬಹುದು, ಕೊಂದರೂ ಮುಂದಿನ ತಾಣದಲ್ಲಿ ಎಂದಿನಂತೆ ನಿಂತಿರುತ್ತಾನೆ. ಇದು ಅಸಂಬದ್ಧವಲ್ಲವೇ? ಮೇಲ್ನೋಟಕ್ಕೆ ಹೌದು. ಆದರೆ ಕೊಂದ ಜಾಗದಲ್ಲಿ ಅಂಗಡಿ ಮತ್ತೆ ತೆರೆಯುವುದಿಲ್ಲ, ನಷ್ಟ ಕೊಂದವನಿಗೇ. ಸತ್ತವನು ಇವನೋ, ಇವನಂಥ ಇನ್ನೊಬ್ಬನೋ ಎಂಬುದನ್ನು ಆಟ ಹೇಳುವುದಿಲ್ಲ. ವ್ಯಾಪಾರದ ನಿಯಮ ಮಾತ್ರ ಮುರಿಯುವುದಿಲ್ಲ. ಅಂದರೆ ಇದು ಸಿದ್ಧಾಂತಕ್ಕೆ ಬಾಧಕವಲ್ಲ, ಪೋಷಕ.

ಮೂರು: ಸೊಗಸೆಲ್ಲ ದನಿಯದ್ದೇ ಇರಬಹುದಲ್ಲ? 2005ರಲ್ಲಿ ಇವನಿಗೆ ದನಿ ಕೊಟ್ಟವರು ಪಾಲ್ ಮರ್ಸಿಯರ್. ಲಿಯಾನನ ದನಿಯೂ ಅವರದೇ. ಗಂಟಲೊಂದೇ ಆದರೂ ಕೇಳುವವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಪಾತ್ರ ಗಟ್ಟಿಯಿದ್ದುದರಿಂದಲೇ ದನಿ ನಿಂತಿತು.

ನಾಲ್ಕು: ಇದು ಈಚಿನದು, ಬಲವಾದದ್ದೂ ಹೌದು. 2023ರ ಮರುನಿರ್ಮಾಣದಲ್ಲಿ ಮರ್ಚೆಂಟ್ ಬಾಯಿಬಡುಕನಾಗಿದ್ದಾನೆ. ಕೊಂಡ ಸರಕಿನ ಬಗ್ಗೆ ಟೀಕೆಟಿಪ್ಪಣಿ, ಊರತುಂಬ ಅಂಟಿಸಿದ ಕೋರಿಕೆ ಚೀಟಿಗಳು, ಕೆಲಸ ಮುಗಿಸಿದವರಿಗೆ ಸ್ಪಿನೆಲ್ ಕಲ್ಲುಗಳು. ಹಾಗಾದರೆ ನಿಗೂಢತೆ ಕರಗಿಹೋಯಿತೇ? ಮಾತು ಹೆಚ್ಚಿದ್ದು ಸರಕಿನ ಬಗ್ಗೆ. ಹೆಸರು, ಊರು, ಮುಸುಕಿನೊಳಗಿನ ಮುಖ ಇದ್ದಲ್ಲೇ ಇವೆ. ನಡತೆಯ ಪರಿಚಯ ಬೆಳೆದಷ್ಟೂ ಕಾರಣದ ಪ್ರಶ್ನೆ ಚೂಪಾಗುತ್ತದೆ. 2021ರ ‘ರೆಸಿಡೆಂಟ್ ಈವಿಲ್ ವಿಲೇಜ್’ನಲ್ಲಿ ಡ್ಯೂಕ್ ಎಂಬ ವ್ಯಾಪಾರಿ ಇವನ ಮಾತನ್ನೇ ಆಡಿ, ಹಳೆಯ ಗೆಳೆಯನೊಬ್ಬ ಹೀಗೆನ್ನುತ್ತಿದ್ದ ಎನ್ನುತ್ತಾನೆ. ಅಲ್ಲೂ ಗೆಳೆಯನ ಹೆಸರು ಬರುವುದಿಲ್ಲ.

ನಿರ್ಣಯ

ಪಾತ್ರದ ನಡತೆ ಖಚಿತವಾಗಿದ್ದರೆ ಮೂಲವನ್ನು ಮುಚ್ಚಿಡುವುದು ಕಲೆ. ನಡತೆಯೇ ಗೊತ್ತಿಲ್ಲದೆ ಮೂಲ ಮುಚ್ಚಿಟ್ಟರೆ ಅದು ಸೋಮಾರಿತನ. ಮರ್ಚೆಂಟ್ ಮೊದಲನೆಯ ಸಾಲಿಗೆ ಸೇರಿದವನು. ಇವನಿಗೊಂದು ಪೂರ್ವಕಥೆ ಬರೆಯಬೇಕೆಂದು ಹೊರಟವರು ಆ ಆಲೋಚನೆಯನ್ನು ಕೈಬಿಡುವುದು ಒಳ್ಳೆಯದು.