ಹಳೆಯ ಆವೃತ್ತಿಯಲ್ಲೇ ಉಳಿಯುವ ಹಕ್ಕು

ಐದಾರು ವರ್ಷಗಳ ಹಿಂದೆ ಒಬ್ಬರು ಯೂನಿಟಿ ಎಂಬ ಗೇಮ್ ಎಂಜಿನ್ ಬಳಸಿ ಒಂದು ಪುಟ್ಟ ಆಟ ಮಾಡಿದರು ಎಂದುಕೊಳ್ಳಿ. ಅವರ ಕಂಪ್ಯೂಟರಿನಲ್ಲಿರುವುದು ಉಬುಂಟು, ಅಂದರೆ ಲಿನಕ್ಸ್ ಕುಟುಂಬದ ಒಂದು ಮುಕ್ತ ವ್ಯವಸ್ಥೆ. ಇವತ್ತು ಆ ಆಟದಲ್ಲಿ ಒಂದು ಸಣ್ಣ ತಪ್ಪು ತಿದ್ದಬೇಕಾಗಿದೆ. ಹೊಸ ಯೂನಿಟಿಯಲ್ಲಿ ತೆರೆದರೆ ಅದು ಇಡೀ ಪ್ರಾಜೆಕ್ಟನ್ನೇ ಹೊಸ ರೂಪಕ್ಕೆ ಬದಲಿಸಲು ಹೊರಡುತ್ತದೆ. ಒಂದು ಸಾಲು ತಿದ್ದಲು ಹೋದವರು ಹತ್ತು ಕಡೆ ಮುರಿದದ್ದನ್ನು ಜೋಡಿಸುತ್ತ ಕೂರಬೇಕಾದೀತು. ಅದಕ್ಕೇ ಅವರು ಅಂದಿನ ಆವೃತ್ತಿಯನ್ನೇ ಹುಡುಕಿ ಇನ್‌ಸ್ಟಾಲ್ ಮಾಡುತ್ತಾರೆ. ಅದು ತೆರೆದುಕೊಳ್ಳುವುದಿಲ್ಲ. ಯಾಕೆಂದರೆ ಬೇಕಾದ ಒಂದು ಲೈಬ್ರರಿ ಈ ಕಂಪ್ಯೂಟರಿನಲ್ಲಿ ಇಲ್ಲ.

ಮೇಲ್ನೋಟಕ್ಕೆ ಇದು ತಾಂತ್ರಿಕ ಕಿರಿಕಿರಿ. ಒಳಗೆ ಒಂದು ನೈತಿಕ ಪ್ರಶ್ನೆಯೂ ಇದೆ. ಒಂದು ಸಲಕರಣೆಯನ್ನು ನಂಬಿ ಒಬ್ಬರು ಏನನ್ನೋ ಕಟ್ಟಿದ ಮೇಲೆ, ಆ ಸಲಕರಣೆ ಮಾಡಿದವರ ಹೊಣೆ ಎಲ್ಲಿಯವರೆಗೆ ಇರುತ್ತದೆ?

ಮೊದಲು ಆ ಲೈಬ್ರರಿಯ ವಿಷಯವನ್ನೇ ನೋಡೋಣ. 2022ರ ಏಪ್ರಿಲ್‌ನಲ್ಲಿ ಬಂದ ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ 3ನೇ ಆವೃತ್ತಿ ಸೇರಿತು, 1.1 ಹೊರಗೆ ಹೋಯಿತು. ಹಳೆಯ ಯೂನಿಟಿಯ ಹಲವು ಆವೃತ್ತಿಗಳು ಕೇಳುವುದು ಆ 1.1ನ್ನೇ. ಉಬುಂಟು 20.04ಕ್ಕೆಂದು ಸಿದ್ಧಪಡಿಸಿದ ಪ್ಯಾಕೇಜನ್ನು ತಂದು ಕೈಯಾರೆ ಹಾಕಿದರೆ ಕೆಲಸ ನಡೆಯುತ್ತದೆ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂಡವು 1.1.1ರ ಸಾರ್ವಜನಿಕ ನಿರ್ವಹಣೆಯನ್ನು ನಿಲ್ಲಿಸಿತು. ಹಳೆಯ ಎಂಜಿನ್ ಬೇಕೆಂದರೆ ಅದರ ಹಿಂದೆ ಹಳೆಯ ಲೈಬ್ರರಿ, ಆ ಲೈಬ್ರರಿಯ ಹಿಂದೆ ಅದರ ಹಳೆಯ ಬಿರುಕುಗಳು. ಮೂಗಿಗಿಂತ ಮೂಗುತಿ ಭಾರ.

ಇಲ್ಲಿ ಯಾರನ್ನು ದೂರೋಣ? ಗೂಢಲಿಪಿಯ ಲೈಬ್ರರಿ ಬದಲಾಗಲೇಬೇಕು. ಬದಲಾಗದಿದ್ದರೆ ನಮ್ಮೆಲ್ಲರ ಬ್ಯಾಂಕ್ ವ್ಯವಹಾರಕ್ಕೂ ಅಪಾಯ. ಉಬುಂಟು ಕಟ್ಟುವವರು ಎಲ್ಲ ಹಳೆಯ ಲೈಬ್ರರಿಗಳನ್ನೂ ಹೊತ್ತು ತಿರುಗಲಾರರು. ಲಿನಕ್ಸ್ ಕರ್ನೆಲ್ ತಂಡಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ಕರ್ನೆಲ್‌ನಲ್ಲಿ ಏನೇ ಬದಲಿಸಿದರೂ ಅದರ ಮೇಲೆ ಈಗಾಗಲೇ ಓಡುತ್ತಿರುವ ಪ್ರೋಗ್ರಾಮುಗಳು ನಿಲ್ಲಬಾರದು. ಲೀನಸ್ ಟೋರ್ವಾಲ್ಡ್ಸ್ ಈ ವಿಷಯದಲ್ಲಿ ರಾಜಿಯಾಗದವರು. ಆದರೆ ಕರ್ನೆಲ್ ಮತ್ತು ಪ್ರೋಗ್ರಾಮಿನ ನಡುವೆ ಇರುವ ನೂರಾರು ಲೈಬ್ರರಿಗಳ ತಂಡಗಳು ಅಂಥ ಮಾತು ಕೊಟ್ಟಿಲ್ಲ. ಅವುಗಳಲ್ಲಿ ಎಷ್ಟೋ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರ ಕೂಸುಗಳು. ನನ್ನ ಹಳೆಯ ಆಟಕ್ಕಾಗಿ ನೀವು ಜೀವಮಾನವಿಡೀ ದುಡಿಯಿರಿ ಎಂದು ಅವರನ್ನು ಕೇಳುವುದು ನ್ಯಾಯವಲ್ಲ.

ಹಾಗಾದರೆ ಹಳೆಯದನ್ನು ಹಿಡಿದು ಕೂತವರಿಗೆ ಯಾವ ಹಕ್ಕೂ ಇಲ್ಲವೇ? ಇದೆ ಎಂದೇ ನನ್ನ ನಂಬಿಕೆ. ಅದನ್ನು ಕಾಣಲು ಎರಡು ಸಂಗತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ನೋಡಿಕೊಳ್ಳುವುದನ್ನು ನಿಲ್ಲಿಸುವುದು ಒಂದು, ಬಳಸದಂತೆ ತಡೆಯುವುದು ಇನ್ನೊಂದು. ಊರಿನ ಹಳೆಯ ಬಾವಿಯ ಹೂಳು ತೆಗೆಯುವುದನ್ನು ಪಂಚಾಯಿತಿ ಬಿಟ್ಟರೆ ಬೇಸರವಾಗಬಹುದು. ಬಾವಿಗೆ ಕಲ್ಲು ತುಂಬಿದರೆ ಅದು ಬೇರೆಯೇ ಮಾತು.

ಫ್ಲ್ಯಾಶ್ ನೆನಪಿಸಿಕೊಳ್ಳಿ. ಒಂದು ಇಡೀ ತಲೆಮಾರು ಬ್ರೌಸರಿನಲ್ಲಿ ಆಡಿದ ಆಟಗಳು ಅದರಲ್ಲೇ ಹುಟ್ಟಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲ ನಿಲ್ಲಿಸಿತು. ಅಷ್ಟೇ ಆಗಿದ್ದರೆ ಅದು ಹೂಳು ತೆಗೆಯುವುದನ್ನು ಬಿಟ್ಟಂತೆ. ಆದರೆ 2021ರ ಜನವರಿ 12ರಿಂದ ಏನನ್ನೂ ಓಡಿಸದಂತೆ ಫ್ಲ್ಯಾಶ್ ಪ್ಲೇಯರ್‌ನ ಕೊನೆಯ ಆವೃತ್ತಿಗಳ ಒಳಗೇ ಏರ್ಪಾಡು ಮಾಡಲಾಗಿತ್ತು. ಫ್ಲ್ಯಾಶ್‌ನ ಭದ್ರತಾ ದೋಷಗಳು ನಿಜವಾದವು, ಅದರ ಅಪಾಯ ತಿಳಿಯದ ಕೋಟ್ಯಂತರ ಜನರ ಕಂಪ್ಯೂಟರುಗಳಲ್ಲಿ ಅದು ಇತ್ತು ಎಂಬುದೂ ನಿಜ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ತಿಳಿಯದವರನ್ನು ಕಾಪಾಡಲು ಎಚ್ಚರಿಕೆ ಕೊಡಬಹುದು, ಬ್ರೌಸರಿನಿಂದ ತೆಗೆಯಬಹುದು. ಇಂಟರ್ನೆಟ್ಟೇ ಇಲ್ಲದ ಕಂಪ್ಯೂಟರಿನಲ್ಲಿ ತನ್ನದೇ ಹಳೆಯ ಆಟವನ್ನು ತೆರೆದು ನೋಡುವವನಿಂದ ಯಾರಿಗೆ ಕೇಡು? ಈಗ ಆ ಆಟಗಳಲ್ಲಿ ಹಲವು ಮತ್ತೆ ಓಡುತ್ತಿದ್ದರೆ, ರಫಲ್ ಎಂಬ ಮುಕ್ತ ತಂತ್ರಾಂಶವನ್ನು ಬರೆದವರ ಪಾಲು ಅದರಲ್ಲಿ ದೊಡ್ಡದು.

ತಡೆಯುವುದಕ್ಕೆ ಇನ್ನೊಂದು ದಾರಿಯೂ ಇದೆ, ಷರತ್ತು ಬದಲಿಸುವುದು. ಪ್ರಾಜೆಕ್ಟನ್ನು ಹೊಸ ಆವೃತ್ತಿಗೆ ಒಯ್ಯದವರು ತಮ್ಮ ಆವೃತ್ತಿಯ ಜೊತೆ ಬಂದ ಷರತ್ತುಗಳಲ್ಲೇ ಉಳಿಯಬಹುದು ಎಂದು 2019ರಲ್ಲಿ ಯೂನಿಟಿ ಹೇಳಿತ್ತು. 2023ರ ಸೆಪ್ಟೆಂಬರ್ 12ರಂದು ಅದೇ ಸಂಸ್ಥೆ, ಒಂದು ಮಿತಿ ದಾಟಿದ ಆಟಗಳ ಪ್ರತಿ ಹೊಸ ಇನ್‌ಸ್ಟಾಲ್‌ಗೂ ಶುಲ್ಕ ಕೇಳುವುದಾಗಿ ಸಾರಿತು. ಆಗಲೇ ಬಿಡುಗಡೆಯಾಗಿದ್ದ ಆಟಗಳೂ ಅದರ ಲೆಕ್ಕಕ್ಕೆ ಸೇರಿದ್ದವು. ಆಟ ಮಾಡುವವರು ಸಿಡಿದೆದ್ದರು. ಹತ್ತು ದಿನಗಳಲ್ಲಿ ಸಂಸ್ಥೆ ಹಿಂದೆ ಸರಿದು, 2024ರಲ್ಲಿ ಬರುವ ಆವೃತ್ತಿಯಿಂದ ಮುಂದಕ್ಕೆ ಮಾತ್ರ ಎಂದಿತು. ಒಂದು ವರ್ಷದ ನಂತರ ಆ ಶುಲ್ಕವನ್ನೇ ಕೈಬಿಟ್ಟಿತು. ಅಲ್ಲಿ ಹಣದ ಚಿಂತೆ ಇತ್ತು, ನಿಜ. ಆದರೆ ಅದಕ್ಕಿಂತ ಆಳಕ್ಕೆ ಇಳಿದದ್ದು, ಮುಗಿದ ವ್ಯವಹಾರವನ್ನು ಇನ್ನೊಬ್ಬರು ಮತ್ತೆ ತೆರೆಯಬಲ್ಲರು ಎಂಬ ಅರಿವು. ಆಟ ನಮ್ಮದೇ, ಅದರ ಕೆಳಗಿನ ನೆಲ ಮಾತ್ರ ಬೇರೆಯವರದು.

ಮುಕ್ತ ಎಂಜಿನ್ ಆದರೆ ಈ ಭಯವಿಲ್ಲ. ಅರ್ಜೆಂಟೀನಾದ ಇಬ್ಬರು ಆರಂಭಿಸಿದ ಗೊಡೋ 2014ರಲ್ಲಿ ಎಂಐಟಿ ಪರವಾನಗಿಯಡಿ ಮುಕ್ತವಾಯಿತು. ಒಮ್ಮೆ ಹಾಗೆ ಕೊಟ್ಟ ಆವೃತ್ತಿಯನ್ನು ವಾಪಸು ಕಸಿಯಲಾಗದು. 2023ರ ಮಾರ್ಚ್‌ನಲ್ಲಿ ಬಂದ ಗೊಡೋ 4ರಲ್ಲಿ ಎಷ್ಟೋ ಹೆಸರುಗಳೂ ಪದ್ಧತಿಗಳೂ ಬದಲಾದವು. 3ರ ಆಟಗಳು ಅದರಲ್ಲಿ ನೇರವಾಗಿ ಓಡುವುದಿಲ್ಲ. ಆದರೆ 3 ಸಾಯಲಿಲ್ಲ. 2024ರಲ್ಲೂ ಅದರ 3.6 ಬಂತು. ಹಳೆಯ ಆವೃತ್ತಿಗಳು ಇಂದಿಗೂ ಸಿಗುತ್ತವೆ, ಎಂಜಿನ್ ಎಂದರೆ ಇನ್‌ಸ್ಟಾಲ್ ಕೂಡ ಬೇಡದ ಒಂದೇ ಕಡತ.

ಆದರೂ ಮುಕ್ತ ಪರವಾನಗಿ ಕೊಡುವುದು ಅನುಮತಿಯನ್ನು, ಕೈಬಲವನ್ನಲ್ಲ. ಗೊಡೋದ ಮೊದಮೊದಲ ಆವೃತ್ತಿಗಳನ್ನು ಮೂಲ ಕೋಡಿನಿಂದ ಕಟ್ಟಬೇಕೆಂದರೆ ಪೈಥಾನ್ 2 ಬೇಕು, ಅದರ ಬೆಂಬಲ 2020ರ ಆರಂಭಕ್ಕೇ ಮುಗಿದಿದೆ. ಬಾಗಿಲಿಗೆ ಬೀಗವಿಲ್ಲ, ಆದರೆ ಹಾದಿಯಲ್ಲಿ ಮುಳ್ಳು ಬೆಳೆದಿದೆ. ಅದನ್ನು ಸವರುವ ಕೆಲಸ, ಆ ದಾರಿ ಬೇಕಾದವರದೇ. ಆಟದ ಜೊತೆಗೇ ಅದನ್ನು ಕಟ್ಟಿದ ಎಂಜಿನ್‌ನ ಪ್ರತಿಯನ್ನೂ ಎತ್ತಿಡುವುದು, ಯಾವ ಆವೃತ್ತಿ, ಯಾವ ಲೈಬ್ರರಿ ಎಂದು ಒಂದು ಚೀಟಿಯಲ್ಲಾದರೂ ಬರೆದಿಡುವುದು ನಮ್ಮ ಹೊಣೆ. ಯೂನಿಕೋಡ್‌ಗೆ ಮುಂಚೆ ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ತೆರೆದು, ಫಾಂಟ್ ಇಲ್ಲದೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯದರಲ್ಲೇ ಉಳಿಯುವವರನ್ನು ಕಾಲದ ಜೊತೆ ನಡೆಯಲಾರದವರು ಎಂದು ನಗುವುದುಂಟು. ಆದರೆ ಒಂದು ಕೆಲಸ ಮುಗಿಯಿತು ಎಂದು ಹೇಳಲು ಅದನ್ನು ಮಾಡಿದವರಿಗೆ ಅಧಿಕಾರವಿರಬೇಕು. ಸಲಕರಣೆ ಬದಲಾದಾಗಲೆಲ್ಲ ಆಟವನ್ನೂ ಬದಲಿಸಲೇಬೇಕಾದರೆ ಯಾವ ಆಟವೂ ಎಂದಿಗೂ ಮುಗಿಯುವುದಿಲ್ಲ. ಅದಕ್ಕಾಗಿ ನಾವು ಸಲಕರಣೆ ಮಾಡುವವರಿಂದ ಬಯಸಬೇಕಾದದ್ದು ಹೆಚ್ಚೇನಲ್ಲ. ಮುಂದಕ್ಕೆ ಹೋಗಿ, ನಮಗಾಗಿ ಕಾಯಬೇಡಿ. ಹೋಗುವಾಗ ಬೀಗ ಮಾತ್ರ ಹಾಕಬೇಡಿ.