ಹೊಗೆಯೂ ಹೊಣೆಯೂ

ನಲವತ್ತೈದು ಐವತ್ತರ ಪ್ರಾಯದವರೊಬ್ಬರು ಎದೆ ಹಿಡಿದುಕೊಂಡು ಕುಸಿದು ತೀರಿಹೋದರೆಂದಾಗ, ಸಮಾಧಾನ ಹೇಳಲು ಬಂದವರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಬೀಡಿ ಸೇದುತ್ತಿದ್ದರೆ? ಸಕ್ಕರೆ ಕಾಯಿಲೆಯಿತ್ತೆ? ಮಗಳ ಮದುವೆಯ ಚಿಂತೆಯೆ? ಯಾವುದಕ್ಕೂ ಹೌದೆಂಬ ಉತ್ತರ ದೊರೆಯದಿದ್ದರೆ ‘ಋಣ ತೀರಿತು’ ಎಂದು ಎದ್ದುಹೋಗುತ್ತಾರೆ. ಆತನು ಇಪ್ಪತ್ತು ವರ್ಷ ಯಾವ ಬೀದಿಯ ಗಾಳಿಯನ್ನು ಸೇವಿಸಿದನೆಂದು ಕೇಳಿದವರನ್ನು ನಾನು ಕಂಡಿಲ್ಲ.

ಅದೂ ಕೇಳತಕ್ಕ ಪ್ರಶ್ನೆಯೆಂದು ವೈದ್ಯಶಾಸ್ತ್ರವು ಈಗ ಸ್ಪಷ್ಟವಾಗಿ ಹೇಳುತ್ತದೆ. ಮೋಟಾರುಗಳು, ಅದರಲ್ಲಿಯೂ ಡೀಸೆಲಿನ ಲಾರಿಗಳು, ಉಗುಳುವ ಹೊಗೆಯಲ್ಲಿ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಸಣ್ಣ ಕಣಗಳಿರುತ್ತವೆ. ದೊಡ್ಡ ಧೂಳನ್ನು ಮೂಗೂ ಗಂಟಲೂ ತಡೆದು ಹಿಂದಿರುಗಿಸಬಲ್ಲವು. ಇವಕ್ಕೆ ಆ ಕಾವಲು ಸಾಲದು. ಇವು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ಹುಟ್ಟಿದ ಉರಿಯೂತವು ಅಲ್ಲಿಯೇ ನಿಲ್ಲದೆ ರಕ್ತದೊಡನೆ ಮೈಯೆಲ್ಲ ವ್ಯಾಪಿಸುತ್ತದೆ. ಧಮನಿಗಳ ಒಳಪದರವು ಕೆಟ್ಟು, ಅವು ಬೇಕಾದಾಗ ಹಿಗ್ಗಲಾರವು. ರಕ್ತದ ಒತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಹೃದಯದ ಲಯವನ್ನು ನಡೆಯಿಸುವ ನರಗಳ ಸಮತೂಕ ತಪ್ಪುತ್ತದೆ. ವರ್ಷಗಟ್ಟಲೆ ಕೊಬ್ಬು ಸೇರಿ ಕಟ್ಟಿದ ಗಡ್ಡೆಯು ಒಂದು ದಿನ ಬಿರಿದರೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನಾವು ಹೃದಯಾಘಾತವೆನ್ನುವುದು ಬಹುಮಟ್ಟಿಗೆ ಇದನ್ನೇ.

ಉಸಿರಾಡಿದ ಕಣವು ರಕ್ತಕ್ಕೆ ಸೇರುವುದುಂಟೇ ಎಂದು ಸಂದೇಹಪಡುವವರಿಗೆ ಎಡಿನ್‌ಬರೋ ನಗರದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಉತ್ತರವನ್ನೀಯುತ್ತದೆ. ಹೊಗೆಯ ಕಣಗಳಷ್ಟೇ ಸೂಕ್ಷ್ಮವಾದ, ಆದರೆ ನಿರಪಾಯವಾದ ಚಿನ್ನದ ಕಣಗಳನ್ನು ಅವರು ಒಪ್ಪಿ ಬಂದವರಿಗೆ ಉಸಿರಾಡಿಸಿದರು. ಕೆಲವರ ರಕ್ತದಲ್ಲಿ ಚಿನ್ನವು ಹದಿನೈದು ನಿಮಿಷಗಳೊಳಗಾಗಿ ಕಾಣಿಸಿತು. ಮೂರು ತಿಂಗಳ ಮೇಲೆಯೂ ಅದರ ಗುರುತು ದೇಹದಲ್ಲಿತ್ತು. ಕತ್ತಿನ ಧಮನಿಗೆ ಶಸ್ತ್ರಚಿಕಿತ್ಸೆಯಾಗಬೇಕಿದ್ದ ರೋಗಿಗಳಲ್ಲಿ ಆ ಚಿನ್ನವು ರೋಗಗೊಂಡ ಕೊಬ್ಬಿನ ಗಡ್ಡೆಯೊಳಗೇ ಸೇರಿತ್ತು. ಇದಕ್ಕೂ ಮೊದಲು, 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್ ಪ್ರಾಂತದಲ್ಲಿ ಹೃದಯಾಘಾತವಾಗಿ ಬದುಕುಳಿದ 691 ಮಂದಿಯನ್ನು ವಿಚಾರಿಸಿದಾಗ, ವಾಹನಗಳ ನಡುವೆ ಇದ್ದ ಒಂದು ಗಂಟೆಯೊಳಗೆ ಆಘಾತವಾಗುವ ಸಂಭವವು ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂದಿತು. ಇದರಲ್ಲಿ ಗದ್ದಲದ ಪಾಲೆಷ್ಟು, ಮನಸ್ಸಿನ ಆತಂಕದ ಪಾಲೆಷ್ಟು, ಹೊಗೆಯ ಪಾಲೆಷ್ಟೆಂದು ಬೇರ್ಪಡಿಸುವುದು ಕಷ್ಟವೆಂಬುದನ್ನು ಒಪ್ಪಬೇಕು.

ನಮ್ಮ ಸೀಮೆಯವರು ಧೂಳನ್ನು ಅರಿಯದವರಲ್ಲ. ಸಂಡೂರು ಹೊಸಪೇಟೆಗಳ ಅದಿರನ್ನು ಹೊತ್ತ ಲಾರಿಗಳು ಕೊಪ್ಪಳ, ಗದಗ, ಹುಬ್ಬಳ್ಳಿಗಳ ಮೂಲಕ ಬೇಲೆಕೇರಿ ಬಂದರಕ್ಕೆ ಸಾಲುಗಟ್ಟಿದ ಕಾಲವನ್ನು ಹಿರಿಯರು ಮರೆತಿಲ್ಲ. 2010ರಲ್ಲಿ ಅದಿರಿನ ರಫ್ತನ್ನು ರಾಜ್ಯ ಸರ್ಕಾರವು ನಿಷೇಧಿಸಿತು. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವೇ ನಿಲ್ಲಿಸಿತು. ಆ ದಿನಗಳಲ್ಲಿ ನಾವು ಬೈದದ್ದು ಕೆಂಪು ಧೂಳನ್ನು, ಅದು ಬಟ್ಟೆಯ ಮೇಲೆ, ಬೇವಿನ ಎಲೆಯ ಮೇಲೆ ಕಣ್ಣಿಗೆ ಕಾಣುತ್ತಿದ್ದುದರಿಂದ. ಅದೇ ಲಾರಿಯ ಹಿಂದಿನ ಕೊಳವೆಯಿಂದ ಹೊರಟು ಎದೆಗಿಳಿದದ್ದು ಕಾಣಲಿಲ್ಲ. ಆದುದರಿಂದ ಅದನ್ನು ಯಾರೂ ಬೈಯಲಿಲ್ಲ. ಇಂದಿಗೂ ಅಂಕೋಲೆಯಿಂದ ಗುತ್ತಿಗೆ ಹೋಗುವ ಹೆದ್ದಾರಿ ಕೊಪ್ಪಳದ ಬಳಿ, ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಬರುವ ಹೆದ್ದಾರಿ ಕುಷ್ಟಗಿಯ ಬಳಿ ಹಗಲಿರುಳೂ ಉರುಳುತ್ತಲೇ ಇವೆ. ಗಂಗಾವತಿಯಲ್ಲಿ ಸುಗ್ಗಿಯೆಂದರೆ ಭತ್ತದ ಲಾರಿಗಳ ಸಂತೆ. ಯಲಬುರ್ಗಿಯ ಒಳನಾಡಿನ ಹಳ್ಳಿಗಳವರು ಈ ವಿಷಯದಲ್ಲಿ ಭಾಗ್ಯವಂತರೆನ್ನಬಹುದಾಗಿತ್ತು. ಆದರೆ ಅಲ್ಲಿಯ ಹೆಂಗಸರಿಗೆ ಸೌದೆಯ ಒಲೆಯ ಹೊಗೆ ಇದೇ ಕೇಡನ್ನು ಮನೆಯೊಳಗೇ ಮಾಡುತ್ತಿದೆ.

ಹಾಗಾದರೆ ತಪ್ಪು ಯಾರದು? ‘ಊರಿನಲ್ಲಿ ಸಾವಿರಾರು ವಾಹನಗಳಿವೆ, ನನ್ನದೊಂದರ ಹೊಗೆಯಿಂದ ಸತ್ತವರು ಯಾರು, ತೋರಿಸಿ’ ಎಂದು ಒಬ್ಬನು ಕೇಳಿದರೆ ತೋರಿಸಲಾಗುವುದಿಲ್ಲ. ಧರ್ಮಶಾಸ್ತ್ರಗಳು ಹೇಳುವ ಪಾಪದಲ್ಲಿ ಮಾಡಿದವನೂ ಉಂಟು, ನೊಂದವನೂ ಉಂಟು. ಇಲ್ಲಿ ಇಬ್ಬರಿಗೂ ಮುಖವಿಲ್ಲ. ಆದರೆ ಇಂಥ ವಾದವು ನಮಗೆ ಹೊಸದೇನೂ ಅಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯ ಮೇಲ್ಭಾಗದಲ್ಲಿ ಕದ್ದು ಪಂಪು ಹಚ್ಚುವ ರೈತನೂ ಇದನ್ನೇ ಹೇಳುತ್ತಾನೆ: ‘ಇಷ್ಟು ದೊಡ್ಡ ಕಾಲುವೆಗೆ ನನ್ನ ನಾಲ್ಕಂಗುಲದ ಪೈಪು ಯಾವ ಲೆಕ್ಕ?’ ಲೆಕ್ಕವೇನೆಂಬುದು ಮಾನ್ವಿ, ರಾಯಚೂರುಗಳ ಕೊನೆಭಾಗದ ರೈತನಿಗೆ ಗೊತ್ತು. ಅವನ ಗದ್ದೆ ಒಣಗಿದಾಗ ಅದನ್ನು ಒಣಗಿಸಿದ ಪೈಪು ಇಂಥದೇ ಎಂದು ಬೆರಳಿಟ್ಟು ತೋರಿಸಲಾಗದಿದ್ದರೂ, ಮೇಲ್ಭಾಗದವರು ನಿರ್ದೋಷಿಗಳೆಂದು ಯಾರೂ ಹೇಳುವುದಿಲ್ಲ. ಗಾಳಿಗೂ ಕೊನೆಭಾಗದವರಿದ್ದಾರೆ. ಕೊಪ್ಪಳದ ಅಶೋಕ ವೃತ್ತದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಾಳೆಹಣ್ಣಿನ ಗಾಡಿಯ ಹಿಂದೆ ನಿಲ್ಲುವವನು, ಪೊಲೀಸಿನವನು, ಆಟೋದವನು, ಮೊದಲೇ ಎದೆಬೇನೆಯುಳ್ಳ ಮುದುಕರು. ಕಾಲುವೆಯ ರೈತನು ತಹಶೀಲ್ದಾರರ ಕಚೇರಿಯ ಮುಂದೆ ಕೂತು ನೀರನ್ನು ಕೇಳಬಲ್ಲ. ಇವರಿಗೆ ತಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬುದೇ ತಿಳಿಯದು.

ಕೊಪ್ಪಳವು ಒಂದಾನೊಂದು ಕಾಲದಲ್ಲಿ ಕೊಪಣವೆಂಬ ಹೆಸರಿನ ಜೈನ ಮಹಾತೀರ್ಥವಾಗಿತ್ತು. ಕುಳಿತುಕೊಳ್ಳುವ ನೆಲವನ್ನು ನವಿಲುಗರಿಯ ಪಿಂಛದಿಂದ ಮೆಲ್ಲಗೆ ಗುಡಿಸಿ ಆಮೇಲೆ ಕುಳಿತುಕೊಳ್ಳುವುದು ದಿಗಂಬರ ಮುನಿಗಳ ಆಚಾರ. ಅಲ್ಲಿ ಇರುವೆಯಿದೆಯೋ ಇಲ್ಲವೋ ಅವರಿಗೆ ನಿಶ್ಚಯವಿಲ್ಲ, ಇರಬಹುದೆಂಬುದಷ್ಟೇ ಸಾಕು. ಹಿಂಸೆಗೆ ದ್ವೇಷವೇ ಬೇಕಿಲ್ಲ, ಎಚ್ಚರಗೇಡಿತನವೇ ಹಿಂಸೆಯ ಬೇರೆಂಬುದು ಆ ಮತದ ತತ್ತ್ವ. ಅವರ ಮಾತಿನಲ್ಲಿ ಅದಕ್ಕೆ ಪ್ರಮಾದವೆಂದು ಹೆಸರು. ನಮ್ಮ ಅಜ್ಜಂದಿರು ಮೋಟಾರಿನ ಹೊಗೆಯನ್ನು ಊರಿಗೆ ಬಂದ ಭಾಗ್ಯದ ಗುರುತೆಂದು ಬಗೆದಿದ್ದರೆ ಅದು ಅಜ್ಞಾನ; ಅದಕ್ಕೆ ಕ್ಷಮೆಯುಂಟು. ತಿಳಿದ ಮೇಲೆ ನಾವು ಮಾಡುವುದಕ್ಕೆ ಪ್ರಮಾದವೆಂಬ ಹೆಸರೇ ಸರಿಯೆಂದು ನನಗೆ ತೋರುತ್ತದೆ.

ಎಲ್ಲರ ಹೊಣೆಯೂ ಸಮವೆಂದು ನಾನು ಹೇಳಲಾರೆ. ಹೊಟ್ಟೆಪಾಡಿಗೆ ಹಳೆಯ ಟಂಟಂ ಓಡಿಸುವವನಿಗೆ ಬೇರೆ ದಾರಿಯಿಲ್ಲ; ಆ ಹೊಗೆಯನ್ನು ಮೊದಲು ಉಸಿರಾಡುವವನೂ ಅವನೇ. ಯಾರಿಗೆ ಆಯ್ಕೆಯುಂಟೋ ಅವರಿಗೆ ಹೊಣೆ ಹೆಚ್ಚು. ಎರಡು ಫರ್ಲಾಂಗು ದೂರದ ಕಿರಾಣಿ ಅಂಗಡಿಗೆ ಕಾರಿನಲ್ಲಿ ಹೋಗುವವರು ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೇ ಇದ್ದೇವೆ. ಕಾನೂನಿಗೆ ಸರಿಯಾಗಿದ್ದೇವೆಂಬ ಸಮಾಧಾನವೂ ಇಲ್ಲಿ ಪೂರ್ತಿ ಒದಗದು. ಒಂದು ಘನ ಮೀಟರು ಗಾಳಿಯಲ್ಲಿ ಇಂಥ ಸೂಕ್ಷ್ಮ ಕಣಗಳು ವರ್ಷದ ಸರಾಸರಿಗೆ 40 ಮೈಕ್ರೋಗ್ರಾಮಿನವರೆಗೆ ಇರಬಹುದೆಂದು ನಮ್ಮ ದೇಶದ 2009ರ ಕಟ್ಟಳೆ ಹೇಳುತ್ತದೆ; ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹಾಕಿದ ಮಿತಿ 5. ಹೃದಯವು ಎರಡನೆಯ ಲೆಕ್ಕವನ್ನೇ ಹಿಡಿಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರವು ಹೂಡಿದ ಶುದ್ಧಗಾಳಿಯ ಯೋಜನೆಗೆ ನಮ್ಮ ರಾಜ್ಯದಿಂದ ಸೇರಿದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳು, ಕೊಪ್ಪಳ ಅವುಗಳಲ್ಲಿಲ್ಲ.

2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳವು ಬಂದ್ ಆಯಿತು. ಗವಿಮಠದ ಸ್ವಾಮಿಗಳೇ ಬೀದಿಗೆ ಬಂದರು. ಅದು ಸಣ್ಣ ಸಂಗತಿಯಲ್ಲ. ಚಿಮಣಿ ಒಂದೆಡೆ ನಿಂತಿರುತ್ತದೆ, ಅದಕ್ಕೊಬ್ಬ ಒಡೆಯನಿರುತ್ತಾನೆ, ಕೈಯೆತ್ತಿ ತೋರಿಸಬಹುದು. ಮೆರವಣಿಗೆ ಮುಗಿಸಿ ನಾವೆಲ್ಲ ಮನೆಗೆ ಮರಳಿದ ಮೋಟಾರ್ ಸೈಕಲ್ಲುಗಳ ಹೊಗೆಯನ್ನು ಯಾರ ಕಡೆಗೆ ಕೈಯೆತ್ತಿ ತೋರಿಸುವುದು?

ಕಳೆದ ಬೇಸಗೆಯಲ್ಲಿ ಹೆದ್ದಾರಿಯ ಬದಿಯ ಚಹದಂಗಡಿಯೊಂದರಲ್ಲಿ ಕುಳಿತಿದ್ದೆ. ಎದುರಿಗೇ ನಿಂತ ಲಾರಿಯೊಂದು ಗುರುಗುಟ್ಟುತ್ತಲೇ ಇತ್ತು. ಹೊಗೆ ನೇರವಾಗಿ ಅಂಗಡಿಯೊಳಕ್ಕೆ ಬರುತ್ತಿತ್ತು. ಚಹ ಕುಡಿಯುತ್ತಿದ್ದ ಡ್ರೈವರನನ್ನು ‘ಎಂಜಿನ್ ಯಾಕ ಬಂದ್ ಮಾಡಬಾರದಪಾ?’ ಎಂದು ಕೇಳಿದೆ. ‘ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರೀ ಸರ, ಬ್ಯಾಟ್ರಿ ಹೋಗೇತಿ. ಮಾಲಕರಿಗೆ ಹೇಳಿ ಹೇಳಿ ಸಾಕಾಗೇತಿ’ ಎಂದನು. ಅಂಗಡಿಯಾಕೆ ಮಾತಾಡದೆ ತನ್ನ ಕೂಸನ್ನೆತ್ತಿ ಹಿಂದಿನ ನೆರಳಿಗೆ ಒಯ್ದು ಮಲಗಿಸಿದಳು. ಆಗ ನಾನು ರಸ್ತೆಯ ಕಡೆಗೆ ತಿರುಗಿ ನೋಡಿದೆ. ನನ್ನನ್ನು ಕರೆದೊಯ್ಯಲು ಮಗನು ತಂದಿದ್ದ ಕಾರು ಹತ್ತು ಹೆಜ್ಜೆಯಾಚೆ ಬೇವಿನ ಕೆಳಗೆ ನಿಂತಿತ್ತು. ಗಾಜುಗಳೆಲ್ಲ ಏರಿದ್ದವು, ಒಳಗಿನ ತಂಪಿಗಾಗಿ ಎಂಜಿನು ನಡೆಯುತ್ತಲೇ ಇತ್ತು.